ಐದು ತೂತಿನ ಪಟ್ಟಿ

ಕಾರವಾರದ ತಾರು ಕಚೇರಿಯಲ್ಲಿ ನಾನು ಕೌಂಟರಿನಲ್ಲಿ ಕೂತವಳು. ಟೆಲಿಪ್ರಿಂಟರ್ ತರಬೇತಿಗೆ ಒಬ್ಬರನ್ನೇ ಕಳಿಸುತ್ತೇವೆ ಎಂದಾಗ ಅದು ನನ್ನ ಜೊತೆಗೇ ಕೆಲಸಕ್ಕೆ ಸೇರಿದ್ದ ಕೇಣಿಯ ಗೆಳತಿಗೆ ಸಿಕ್ಕಿತು. ಮರಳಿ ಬಂದವಳು, ತಾರಿನ ಅಕ್ಷರಗಳೆಲ್ಲ ತೂತುಗಳಾಗಿ ಬಿದ್ದ ಕಾಗದದ ಪಟ್ಟಿಯನ್ನು ಬೆಳಕಿಗೆ ಹಿಡಿದು ಪೇಪರ್ ಓದಿದಷ್ಟೇ ಸಲೀಸಾಗಿ ಓದುತ್ತಿದ್ದಳು. ನನಗೆ ಹೊಟ್ಟೆ ಉರಿಯುತ್ತಿತ್ತು. ನಿವೃತ್ತಳಾಗಿ ಅಂಕೋಲೆಯಲ್ಲಿ ನೆಲೆಸಿದ ಮೇಲೂ ಅದು ಆರಿರಲಿಲ್ಲ.

ಕಳೆದ ವರ್ಷ ಅರ್ಗಾದಿಂದ ತಂಗಿಯ ಮಗಳು ಹಳದಿಗಟ್ಟಿದ ಅಂಥದೇ ಪಟ್ಟಿಯ ಒಂದು ಸುರುಳಿ ತಂದಳು. ಅವಳ ಮಾವ, ಅಂದರೆ ಗಂಡನ ಅಪ್ಪ, ನಮ್ಮ ಕಚೇರಿಯಲ್ಲೇ ಮೆಕ್ಯಾನಿಕ್ ಆಗಿದ್ದವರು. ಅವರು ತೀರಿಕೊಂಡ ಮೇಲೆ ಹತಾರದ ಪೆಟ್ಟಿಗೆಯಲ್ಲಿ ಸಿಕ್ಕಿತಂತೆ.

"ದೊಡ್ಡಮ್ಮ, ಇದೆಂತದು? ಅಪ್ಪ ಎಂತಾದ್ರೂ ಬರ್ದಿಟ್ಟಿದ್ರಾ ಅಂತ ಇವ್ರಿಗೆ ಆಸೆ."

ನಾನು ಗತ್ತಿನಿಂದ ತೂತು ಎಣಿಸಿದೆ. ನಡುವಿನ ಪುಟ್ಟ ತೂತುಗಳು ಹಲ್ಲಿನ ಚಕ್ರ ಪಟ್ಟಿಯನ್ನು ಎಳೆಯಲಿಕ್ಕೆ. ಅವುಗಳ ಒಂದು ಬದಿಗೆ ಎರಡು, ಇನ್ನೊಂದು ಬದಿಗೆ ಮೂರು ಸಾಲು. ಎಂಟು ಸಾಲಿದ್ದರೆ ಹಳೇ ಕಂಪ್ಯೂಟರಿನದೋ ಕಾರ್ಖಾನೆಯ ಯಂತ್ರದ್ದೋ ಇರಬಹುದಿತ್ತು. ಐದೇ ಇರುವುದರಿಂದ ಇದು ನಮ್ಮ ತಾರಿನದೇ ಎಂದು ವಿವರಿಸಿದೆ.

"ಹಂಗಾರೆ ಎಂತ ಬರ್ದದೆ?"

"ಓದುವವರು ಈಗ ಯಾರೂ ಇಲ್ಲ," ಎಂದುಬಿಟ್ಟೆ. ಗೆಳತಿ ಇರುವ ಕೇಣಿ ನಮ್ಮ ಮನೆಯಿಂದ ರಿಕ್ಷಾದಲ್ಲಿ ಹತ್ತು ನಿಮಿಷ.

ಹುಡುಗಿಯ ಮುಖ ಬಾಡಿತು. ಸುರುಳಿಯನ್ನು ನನ್ನಲ್ಲೇ ಬಿಟ್ಟು ಹೋದಳು. ಎರಡು ದಿನ ನನಗೆ ಊಟ ರುಚಿಸಲಿಲ್ಲ. ಮೂರನೆಯ ದಿನ ಫೋನ್ ಮಾಡಿ ಅವಳನ್ನು ಕರೆಸಿಕೊಂಡು ಕೇಣಿಗೆ ಹೊರಟೆ.

ಗೆಳತಿ ಸಿಗಡಿ ಸುಲಿಯುತ್ತಿದ್ದಳು. ಕೈ ತೊಳೆದು, ಕನ್ನಡಕ ಹಾಕಿ, ಪಟ್ಟಿಯನ್ನು ಬೆರಳ ಮೇಲೆ ಹಾಯಿಸಿದವಳೇ ನಕ್ಕಳು.

"ಇದ್ರಲ್ಲಿ ಸುದ್ದಿ ಇಲ್ಲ ಮಗಾ. ಆರ್, ವೈ, ಆರ್, ವೈ, ಅಷ್ಟೇ. ಒಂದ್ರಲ್ಲಿ ತೂತಿದ್ದಲ್ಲಿ ಇನ್ನೊಂದ್ರಲ್ಲಿ ಇರುದಿಲ್ಲ. ಲೈನ್ ಸರಿ ಅದ್ಯಾ ಅಂತ ನೋಡುಕೆ ಓಡ್ಸುದು. ಮಳೆಗಾಲದಲ್ಲಿ ಲೈನ್ ಕೆಟ್ರೆ ನಿನ್ನ ಮಾವ ಊಟ ಬಿಟ್ಟು ಇದನ್ನೇ ಓಡಿಸ್ತಾ ಕೂತಿರ್ತಿದ್ರು. ಆ ಬದೀಂದ ಸರಿ ಬಂತು ಅಂತ ಗೊತ್ತಾದ್ಮೇಲೇ ಚಾ."

ಹುಡುಗಿ ಕಣ್ಣೊರೆಸಿಕೊಂಡು, "ಇಷ್ಟು ಸಾಕು ಇವ್ರಿಗೆ," ಎನ್ನುತ್ತ ಗೆಳತಿಯ ಕೈ ಹಿಡಿದುಕೊಂಡಳು. ನನಗೆ ಮತ್ತೆ ಚುಚ್ಚಿತು. ಆ ಮನುಷ್ಯನನ್ನು ನಾನೂ ದಿನಾ ಕಂಡಿದ್ದೆ. ಅವರ ಊಟದ ಡಬ್ಬಿ ತೆರೆಯದೇ ಉಳಿದದ್ದನ್ನು ಗಮನಿಸಿರಲಿಲ್ಲ. ನನ್ನ ಕಣ್ಣು ಯಾವಾಗಲೂ ಇವಳ ಬೆರಳ ಮೇಲಿತ್ತು.

ಹುಡುಗಿ ಗಂಡನಿಗೆ ಫೋನ್ ಮಾಡಲು ಅಂಗಳಕ್ಕೆ ಹೋದಾಗ ಹೇಳಿದೆ: "ಓದುವವರೇ ಇಲ್ಲ ಅಂತ ಅವ್ಳ ಹತ್ರ ಸುಳ್ಳು ಹೇಳಿದ್ದೆ. ನಿನ್ ಕಂಡ್ರೆ ನಂಗೆ ಆಗಿಂದ್ಲೂ ಹೊಟ್ಟೆಕಿಚ್ಚು ಮಾರಾಯ್ತಿ."

ಅವಳು ಪಟ್ಟಿಯನ್ನು ಮತ್ತೆ ಸುರುಳಿ ಸುತ್ತಿ ನನ್ನ ಕೈಗಿಟ್ಟಳು. ಆಮೇಲೆ, "ಕಲ್ಸೇ ಅಂತ ಒಂದಿನ ಕೇಳಿದ್ರೆ ಕಲಿಸ್ತಿರ್ಲಿಲ್ವನೆ?" ಎಂದಳು.

ಅಷ್ಟು ವರ್ಷದಲ್ಲಿ ನಾನು ಕೇಳಿಯೇ ಇರಲಿಲ್ಲ. ಅವತ್ತು ಕೇಳಿದೆ.

ಈಗ ವಾರಕ್ಕೊಮ್ಮೆ ಕೇಣಿಗೆ ಹೋಗುತ್ತೇನೆ. ಅವಳು ಕಾಗದದ ಪಟ್ಟಿಯಲ್ಲಿ ಸೂಜಿಯಿಂದ ತೂತು ಮಾಡಿ ಕೊಡುತ್ತಾಳೆ, ನಾನು ತಡವರಿಸುತ್ತ ಓದುತ್ತೇನೆ. ತಪ್ಪಿದರೆ ಬೆರಳಿಗೆ ಮೆಲ್ಲಗೆ ಹೊಡೆಯುತ್ತಾಳೆ.