ಹುಳದ ಮನೆಯಿಂದ ಮಗಳನ್ನು ಹೊರಗೆ ಕರೆದವರು

ಕಾನೂನು ಮೇಷ್ಟ್ರ ಬೆರಳ ತುದಿಗಳಲ್ಲಿ ಗೆರೆಗಳೇ ಇರಲಿಲ್ಲ. ಚಿಕ್ಕಂದಿನಲ್ಲಿ ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಯುವ ಕಡೆ ಬಿಸಿನೀರಿಗೆ ಕೈಯದ್ದಿ ಗೂಡಿನ ಎಳೆ ಹುಡುಕಿದ ಬೆರಳುಗಳು ಬೆಳ್ಳಗೆ ನುಣುಪಾಗಿದ್ದವು. ರೇಷನ್ ಅಂಗಡಿಯ ಹೆಬ್ಬೆಟ್ಟಿನ ಯಂತ್ರ ಅವರನ್ನು ಒಪ್ಪುತ್ತಲೇ ಇರಲಿಲ್ಲ. "ಇಷ್ಟು ವರ್ಷ ಕಾನೂನು ಹೇಳ್ಕೊಟ್ಟೋನು, ನಾನೇ ನಾನು ಅಂತ ಸಾಬೀತು ಮಾಡಕ್ಕಾಗ್ತಿಲ್ಲ ನೋಡು" ಎಂದು ನಗುತ್ತಿದ್ದರು.

ಜಂಗಮಕೋಟೆಯಲ್ಲಿ ಅವರದು ನಮ್ಮಮ್ಮನ ಮನೆಯ ಎದುರು ಮನೆ. ನಿವೃತ್ತರಾದ ಮೇಲೂ ಕಾನೂನು ಪತ್ರಿಕೆಗಳನ್ನು ತರಿಸಿ ಓದುತ್ತಿದ್ದರು, ಅವುಗಳಿಗೆ ಬರೆಯುತ್ತಿದ್ದರು. ಯಾರು ತಕರಾರು ತಂದರೂ ಮೊದಲು ಎದುರಾಳಿಯ ಪರವಾಗಿ ತಂದವರಿಂದಲೇ ಮಾತಾಡಿಸುತ್ತಿದ್ದರು. ಬದುವಿನ ಜಗಳ ಹೊತ್ತು ಬಂದವರು ಗೊಣಗುತ್ತಾ ಅರ್ಧಕ್ಕೇ ಎದ್ದುಹೋದದ್ದೂ ಉಂಟು.

ನಾನು ಗಂಡನಿಗೆ ಹೇಳದೆ ಆರು ವರ್ಷದ ಮಗಳೊಂದಿಗೆ ಕೆನಡಾದಿಂದ ಬಂದುಬಿಟ್ಟವಳು. ಮೂರು ತಿಂಗಳಿಗೆ, ಮಗುವನ್ನು ವಾಪಸ್ ಕಳಿಸಬೇಕೆಂಬ ಅಲ್ಲಿನ ಕೋರ್ಟಿನ ಆದೇಶ ಫೋನಿಗೆ ಬಂತು. ಅಂದಿನಿಂದ ಬೀದಿಯಲ್ಲಿ ಕಾರು ನಿಂತರೆ ಸಾಕು, ಅಮ್ಮ ಮಗುವನ್ನು ಹುಳದ ಮನೆಗೆ ದೂಡಿ ಬಾಗಿಲೆಳೆಯುತ್ತಿದ್ದಳು. ರೇಷ್ಮೆ ಹುಳಕ್ಕೆ ಸೋಂಕು ತಗಲುತ್ತದೆಂದು ನಮ್ಮಲ್ಲಿ ಹೊರಗಿನವರು ಅಲ್ಲಿ ಕಾಲಿಡುವುದಿಲ್ಲ. ಪೊಲೀಸರೂ ಈ ಕಡೆಯವರಾದರೆ ಹೊಸಿಲಲ್ಲೇ ನಿಲ್ಲುತ್ತಾರೆ ಎಂದು ಅಮ್ಮ ನಂಬಿದ್ದಳು. ಸೊಪ್ಪು ಮೇಯುವ ಹುಳಗಳ ನಡುವೆ ಮಗಳು ಬಾಯಿಗೆ ಕೈ ಒತ್ತಿಕೊಂಡು ಕೂತಿರುತ್ತಿದ್ದಳು. ಅದನ್ನು ನೆನೆದರೆ ಈಗಲೂ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಕೊನೆಗೆ ಮೇಷ್ಟ್ರ ಬಳಿ ಹೋದೆ. ಆದೇಶವನ್ನು ಎರಡು ಸಲ ಓದಿದರು. ಈ ವಿಷಯದಲ್ಲಿ ವಿದ್ವಾಂಸರು ಎರಡು ಪಂಗಡವಾಗಿದ್ದಾರೆ ಎಂದರು. ಮಗು ಬೆಳೆಯುತ್ತಿದ್ದ ದೇಶದ ಕೋರ್ಟೇ ತೀರ್ಮಾನಿಸಲಿ, ಮೊದಲು ವಾಪಸ್ ಕಳಿಸಿ ಎನ್ನುವವರು ಒಂದು ಕಡೆ. ಎಲ್ಲಿಯ ಆದೇಶವೇ ಇರಲಿ, ಮೊದಲು ಮಗುವಿನ ಹಿತ ನೋಡಿ ಎನ್ನುವವರು ಇನ್ನೊಂದು ಕಡೆ. ಮಕ್ಕಳನ್ನು ಹಿಂದಿರುಗಿಸುವ ಅಂತರರಾಷ್ಟ್ರೀಯ ಒಪ್ಪಂದಕ್ಕೆ ನಮ್ಮ ದೇಶ ಸೇರಿಲ್ಲ, ಹಾಗಾಗಿ ಇಲ್ಲಿನ ಕೋರ್ಟು ಎತ್ತ ಬೇಕಾದರೂ ವಾಲಬಹುದು. ನೀವು ಯಾವ ಕಡೆ ಎಂದು ಕೇಳಿದೆ.

"ನಾನು ಕಳಿಸಿ ಅನ್ನೋರ ಕಡೆ ಕಣಮ್ಮ. ಹಂಗೇ ಬರ್ದಿದೀನಿ."

ಓಡಿಹೋಗೋಣವೆನ್ನಿಸಿತು, ಆದರೆ ಹೋಗುವುದಾದರೂ ಯಾರ ಬಳಿಗೆ? ಅವರು ಬಿಡಲಿಲ್ಲ, ಗಂಡನ ಪರವಾಗಿ ಮಾತಾಡು ಎಂದರು. 'ಮನೆಗೆ ಬಂದು ನೋಡಿದರೆ ಮಗಳ ಹಾಸಿಗೆ ಖಾಲಿಯಿತ್ತು' ಎಂದೆ.

ಮಗು ಎಲ್ಲಿ ಎಂದು ಕೇಳಿದರು. ಹೇಳಿದೆ.

"ಹೊರಗಿನೋರು ಹುಳದ ಮನೆಗೆ ಬರಲ್ಲ, ನಿಜ. ಕೋರ್ಟು ಬರುತ್ತೆ. ಬಚ್ಚಿಟ್ಟ ಮಗೂನ ಕದ್ದ ಮಗು ಅಂತಾರೆ ಕಣಮ್ಮ. ಇವತ್ತೇ ಅವರಪ್ಪನಿಗೆ ಮಗು ಇಲ್ಲೇ ಇದೆ ಅಂತ ವಿಳಾಸ ಕಳ್ಸು. ದಿನಾ ಮಾತಾಡ್ಸು."

ಮೇಷ್ಟ್ರು ಹೇಳಿದ್ದಕ್ಕೆ ಕಳಿಸುತ್ತಿದ್ದೇನೆಂದು ಬರೆದು ಅಂದೇ ಗಂಡನಿಗೆ ವಿಳಾಸ ಕಳಿಸಿದೆ, ದಿನವೂ ಮಗಳನ್ನು ಮಾತಾಡಿಸಿದೆ. ಅಮ್ಮ ಮೇಷ್ಟ್ರ ಮನೆಗೆ ಮಜ್ಜಿಗೆ ಕಳಿಸುವುದನ್ನೇ ನಿಲ್ಲಿಸಿದಳು.

ಗಂಡ ಬಂದ, ಹೈಕೋರ್ಟಿಗೆ ಹೋದ. ಅಲ್ಲಿ ಅವನ ವಕೀಲರು ಓದಿದ್ದು ನಮ್ಮ ಮೇಷ್ಟ್ರದೇ ಲೇಖನ. ನನ್ನ ಪಕ್ಕದಲ್ಲಿ ಕೂತಿದ್ದ ಮೇಷ್ಟ್ರು ತಲೆಯೆತ್ತಲಿಲ್ಲ. ನ್ಯಾಯಾಧೀಶರು ಮಗಳೊಬ್ಬಳನ್ನೇ ಒಳಗೆ ಕರೆಸಿಕೊಂಡರು. ಆ ಮುಚ್ಚಿದ ಬಾಗಿಲನ್ನು ನೋಡುತ್ತಾ ನಾನು ಕಂಡಕಂಡ ದೇವರಿಗೆಲ್ಲ ಹರಕೆ ಹೊತ್ತೆ.

"ನಾನು ಬರ್ದಿದ್ದು ತಪ್ಪು ಅಂತ ಈಗ್ಲೂ ಅನ್ನಲ್ಲ. ಆದ್ರೆ ಬರೆಯೋವಾಗ ಹಿಂಗೆ ಬಾಗ್ಲಾಚೆ ಕೂತಿರ್ಲಿಲ್ಲ" ಎಂದರು ಮೇಷ್ಟ್ರು.

ಮಗು ಸದ್ಯಕ್ಕೆ ತಾಯಿಯ ಬಳಿಯೇ ಇರಲಿ ಎಂದು ಆದೇಶವಾಯಿತು. ತಾಯಿ ಮಗುವನ್ನು ಅಡಗಿಸಿಡದೆ ತಂದೆಯೊಂದಿಗೆ ದಿನವೂ ಮಾತಾಡಿಸಿದ್ದಾಳೆ ಎಂಬುದನ್ನೂ ಅದರಲ್ಲಿ ಬರೆದಿದ್ದರು. ಗಂಡ ಮೇಲ್ಮನವಿ ಹಾಕಿದ್ದಾನೆ. ಅದಿನ್ನೂ ನಡೆಯುತ್ತಿದೆ.

ಹೋದ ವರ್ಷ ಮೇಷ್ಟ್ರು ತೀರಿಕೊಂಡರು. ಅಂದೂ ದಿನಾ ಬರುವ ಹೊತ್ತಿಗೇ ಗಂಡನ ಫೋನು ಬಂತು. ಎತ್ತದೆ ಬಿಡೋಣವೆಂದುಕೊಂಡೆ, ಅಷ್ಟರಲ್ಲಿ ಮಗಳೇ ಎತ್ತಿ, "ಅಪ್ಪಾ, ಮೇಷ್ಟ್ರು ತಾತ ಹೋಗ್ಬಿಟ್ರು" ಎಂದಳು. ಅವನು, ಒಂದು ಸಲ ಅವರ ಮುಖ ತೋರಿಸುತ್ತೀಯಾ ಎಂದು ನನ್ನನ್ನು ಕೇಳಿದ. ಎದುರು ಮನೆಗೆ ಹೋಗಿ ಫೋನನ್ನು ಮೇಷ್ಟ್ರ ಕಡೆ ತಿರುಗಿಸಿ ಹಿಡಿದೆ. ಅವನು ಕೈಮುಗಿದ. ಅಷ್ಟು ವರ್ಷ ನಾನು ಯಾರಿಗೆ ಹೆದರಿ ಸಾಯುತ್ತಿದ್ದೆನೋ ಆ ಮನುಷ್ಯ, ಮಗಳಂತೆಯೇ ಬಾಯಿಗೆ ಕೈ ಒತ್ತಿಕೊಂಡು ಅಳುತ್ತಿದ್ದ.