ಅಂಚಿಗೆ ಬೆನ್ನು ಹಾಕಿ ಕೂರುವ ಹಗ್ಗದಕ್ಕ

ತಾರಸಿಯ ಕಬ್ಬಿಣದ ಬಾಗಿಲು ಕಿರ್ರೆಂದು ತೆರೆದಾಗ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಹದಿನಾಲ್ಕು ಅಂತಸ್ತಿನ ಕಚೇರಿ ಕಟ್ಟಡದ ನೆತ್ತಿ ಇದು. ಒಂದು ಕಡೆ ನೀರಿನ ಟ್ಯಾಂಕು, ಇನ್ನೊಂದು ಕಡೆ ಗುಂಯ್‌ಗುಡುವ ಏಸಿ ಯಂತ್ರಗಳ ಸಾಲು, ಸುತ್ತ ಸೊಂಟದೆತ್ತರದ ಮೋಟುಗೋಡೆ, ಅದರಾಚೆ ಬರೀ ಗಾಳಿ. ಐವತ್ತರ ಆಸುಪಾಸಿನ ಹೆಂಗಸೊಬ್ಬರು ಹೆಗಲ ಮೇಲಿನ ಹಗ್ಗದ ಸುರುಳಿಗಳನ್ನು ಇಳಿಸಿ, ಚಪ್ಪಲಿ ಬದಿಗಿಟ್ಟು, ಕಾಲು ಚಾಚಿ ನೆಲದ ಮೇಲೆ ಕೂರುತ್ತಾರೆ. ಹಗ್ಗವನ್ನು ಮಾರು ಮಾರಾಗಿ ಬೆರಳುಗಳ ನಡುವೆ ಹಾಯಿಸುತ್ತಾರೆ. ಕಣ್ಣು ಬೇರೆಲ್ಲೋ ಇದೆ. ನೋಡುವ ಕೆಲಸವೆಲ್ಲ ಬೆರಳಿನದು. ಒಂದು ಎಳೆ ಎದ್ದಿದ್ದರೂ ಬೆರಳು ನಿಲ್ಲುತ್ತದೆ. ಇವತ್ತು ಅದು ಏನೂ ಇಲ್ಲದ ಕಡೆಯಲ್ಲೂ ನಿಲ್ಲುತ್ತಿದೆ.

"ಆ ಹಗ್ಗ ಗೋಡೆಗೆ ಉಜ್ಜಿ ಸವೆಯಲ್ಲ ಕಣೇ, ನಿನ್ನ ಕೈಗೆ ಉಜ್ಜಿ ಸವೆಯುತ್ತೆ," ಎಂದು ಪಕ್ಕದಲ್ಲಿ ಬಕೆಟ್ಟಿಗೆ ಸೋಪು ಕಲಸುತ್ತಿರುವ ಗಂಡ ನಗುತ್ತಾರೆ.

"ನಿಮ್ಮ ಬಕೆಟ್ ನೀವು ನೋಡ್ಕೊಳ್ರೀ. ಮಾತ್ರೆ ತಗೊಂಡ್ರಾ?"

"ತಗೊಂಡೆ."

"ಯಾವಾಗ?"

"ನೀನು ಹಿಂದಿನ ಸಲ ಕೇಳಿದಾಗ."

ಎತ್ತರದ ಕಟ್ಟಡಗಳ ಹೊರಗಾಜನ್ನು ಹಗ್ಗದ ಮೇಲೆ ನೇತಾಡುತ್ತಾ ಒರೆಸುವವರನ್ನು ನಾವೆಲ್ಲ ಒಂದಲ್ಲ ಒಂದು ದಿನ ಕತ್ತೆತ್ತಿ ನೋಡಿದವರೇ. ಎದೆ ಝಲ್ಲೆಂದು ಫೋಟೊ ತೆಗೆದುಕೊಂಡವರೂ ಇದ್ದೇವೆ. ಆ ಹಗ್ಗದ ಇನ್ನೊಂದು ತುದಿಯಲ್ಲಿ ಯಾರಿದ್ದಾರೆ ಎಂದು ಕೇಳಿದವರು ಕಡಿಮೆ. ಇಲ್ಲಿ ಇರುವವರು ಈ ಹೆಂಗಸು. ಕಟ್ಟಡಗಳ ಕಾವಲುಗಾರರು ಇವರಿಗೆ ಇಟ್ಟ ಹೆಸರು ಹಗ್ಗದಕ್ಕ. ಒರೆಸುವವರನ್ನು ಹೊರುವ ಹಗ್ಗ ಒಂದು, ಅದು ಕೈಕೊಟ್ಟರೆ ತಡೆದು ಹಿಡಿಯುವ ಕಾವಲು ಹಗ್ಗ ಇನ್ನೊಂದು. ಎರಡನ್ನೂ ಟ್ಯಾಂಕಿನ ಬುಡದ ಕಾಂಕ್ರೀಟ್ ಕಂಬಗಳಿಗೆ ಬಿಗಿಯುವುದು, ಗೋಡೆಯ ಅಂಚಿಗೆ ಹಗ್ಗ ಉಜ್ಜದಂತೆ ಗೋಣಿಚೀಲ ಮಡಚಿ ಹಾಸುವುದು, ಒರೆಸುವವರು ನೆಲ ಮುಟ್ಟುವವರೆಗೆ ಗಂಟಿನ ಹತ್ತಿರ ಯಾರೂ ಸುಳಿಯದಂತೆ ಕಾಯುವುದು ಇವರ ಕೆಲಸ. ಬಿಸಿಲೇರಿದರೆ ಸೋಪು ಗಾಜಿನ ಮೇಲೇ ಒಣಗಿ ಕಲೆ ಕಟ್ಟುತ್ತದೆ, ಗಾಳಿಯೂ ಏಳುತ್ತದೆ. ಹಾಗಾಗಿ ಊರು ಹಾಸಿಗೆಯಲ್ಲಿರುವಾಗಲೇ ಇವರ ದಿನ ಶುರು.

ಇವತ್ತಿನ ದಿನ ಮಾಮೂಲಿ ದಿನವಲ್ಲ. ಎರಡು ತಿಂಗಳ ಹಿಂದೆ ಬಚ್ಚಲಲ್ಲಿ ಮುಖ ತೊಳೆಯುತ್ತಿದ್ದ ಗಂಡನಿಗೆ ಇದ್ದಕ್ಕಿದ್ದಂತೆ ತಲೆ ಗಿರ್ರೆಂದು ಸುತ್ತಿತು. ಗೋಡೆ ಹಿಡಿದುಕೊಂಡು ಕೂತುಬಿಟ್ಟರು. ಕಿವಿಯೊಳಗಿನ ತೊಂದರೆ ಎಂದರು ಡಾಕ್ಟರು. ಅಲ್ಲಿಂದ ಔಷಧಿ, ವಿಶ್ರಾಂತಿ. ನಿನ್ನೆ ಅವರನ್ನು ಕಣ್ಣು ಮುಚ್ಚಿಸಿ ನಡೆಸಿ, ಕತ್ತು ಆ ಕಡೆ ಈ ಕಡೆ ತಿರುಗಿಸಿ, ಪೂರ್ತಿ ಗುಣವಾಗಿದೆ, ಕೆಲಸಕ್ಕೆ ಹೋಗಬಹುದು ಎಂದಿದ್ದಾರೆ.

"ಡಾಕ್ಟರು ಕುರ್ಚಿ ಮೇಲೆ ಕೂತು ಹೇಳ್ತಾರೆ. ಇವರು ಹಗ್ಗಕ್ಕೆ ನೇತಾಡೋ ಹಲಗೆ ಮೇಲೆ ಕೂರ್ಬೇಕಲ್ಲ," ಎನ್ನುತ್ತಾರೆ ಹಗ್ಗದಕ್ಕ. ಗಂಟು ಹಾಕುತ್ತಾರೆ, ಜಗ್ಗುತ್ತಾರೆ, ಅದರ ಮೇಲೊಂದು ಕಾವಲು ಗಂಟು ಹಾಕುತ್ತಾರೆ, ಮತ್ತೆ ಜಗ್ಗುತ್ತಾರೆ.

ಗಂಡ ಬೆಲ್ಟಿನ ಕೊಂಡಿಗಳನ್ನು ಸಿಕ್ಕಿಸಿಕೊಂಡು, ಬಕೆಟ್ಟು ನೇತುಹಾಕಿಕೊಂಡು, ಗೋಡೆ ದಾಟಿ ಹಲಗೆಯ ಮೇಲೆ ಕೂರುತ್ತಾರೆ. ಸಡಿಲವಾಗಿದ್ದ ಹಗ್ಗ ಒಮ್ಮೆಲೇ ಬಿಗಿಯಾಗಿ ಗೋಣಿಚೀಲವನ್ನು ಕಚ್ಚುತ್ತದೆ. ಹಗ್ಗದಕ್ಕ ಎರಡೂ ಗಂಟುಗಳನ್ನು ಕೊನೆಯ ಬಾರಿ ಮುಟ್ಟಿ, ಕಣ್ಣು ತೆರೆದುಕೊಂಡೇ ಪ್ರಾರ್ಥಿಸುತ್ತಾರೆ. "ಯೇಸಪ್ಪಾ, ಗಂಟು ನಾನು ನೋಡಿದ್ದೀನಿ. ಗಂಟಿನಿಂದಾಚೆ ನೀನು ನೋಡ್ಕೋ." ಅಷ್ಟೇ. ಆಮೇಲೆ ಗಂಡ ಇಳಿದ ಅಂಚಿಗೆ ಬೆನ್ನು ಮಾಡಿ, ಗಂಟುಗಳಿಗೆ ಮುಖ ಮಾಡಿ, ಬೋರಲು ಹಾಕಿದ ಖಾಲಿ ಬಕೆಟ್ಟಿನ ಮೇಲೆ ಕೂರುತ್ತಾರೆ. ಎರಡೂ ಕೈ ಮಡಿಲಲ್ಲಿ.

ಈ ಕೂರುವ ಭಂಗಿ ಸುಲಭಕ್ಕೆ ಬಂದದ್ದಲ್ಲ.

ಮೊದಲಿನ ವರ್ಷಗಳಲ್ಲಿ ಹಗ್ಗದಕ್ಕ ಕೂರುತ್ತಲೇ ಇರಲಿಲ್ಲ. ಗಂಡ ಇಳಿದ ಕ್ಷಣದಿಂದ ಅಂಚಿನ ಹತ್ತಿರ ನಿಂತು, ಕಂಬಕ್ಕೆ ಬಿಗಿದಿದ್ದ ಆ ಹೊರುವ ಹಗ್ಗವನ್ನು ಎರಡೂ ಕೈಯಲ್ಲಿ ಹಿಡಿದುಕೊಳ್ಳುತ್ತಿದ್ದರು. ಕಂಬ ಹೊತ್ತ ಭಾರಕ್ಕೆ ಅವರ ಕೈಯಿಂದ ಆಗಬೇಕಾದ್ದು ಏನೂ ಇರಲಿಲ್ಲ. ಆದರೂ ಬಿಡಲಾಗುತ್ತಿರಲಿಲ್ಲ. ಕೆಳಗೆ ಗಂಡ ಕಾಲು ಅಲುಗಿಸಿದರೆ ಮೇಲೆ ಇವರ ಅಂಗೈ ಉರಿಯುತ್ತಿತ್ತು. "ಏನಾಯ್ತೂ?" ಎಂದು ಕೂಗುತ್ತಿದ್ದರು. "ಏನಿಲ್ವೇ, ಕೆರೆತ!" ಎಂದು ಕೆಳಗಿನಿಂದ ಉತ್ತರ ಬರುತ್ತಿತ್ತು.

ಮನೆಯಲ್ಲೂ ಅಷ್ಟೇ. ಅಡುಗೆಮನೆ, ಮಲಗುವ ಕೋಣೆ, ಹಗ್ಗಗಳನ್ನು ನೇತುಹಾಕಿದ ಸಣ್ಣ ಹಜಾರ. ಗ್ಯಾಸ್ ಆರಿಸಿ ಬಂದು ಮಲಗಿದವರು ಮತ್ತೆದ್ದು ನೋಡುವರು. ಗಂಡ ನಿದ್ದೆಯಲ್ಲಿ ಗೊರಕೆ ನಿಲ್ಲಿಸಿದರೆ ಮೂಗಿನ ಹತ್ತಿರ ಬೆರಳು ಹಿಡಿಯುವರು. "ಒಂದಿನ ಎಚ್ಚರ ಆಗಿ ನೋಡ್ತೀನಿ, ಕತ್ಲಲ್ಲಿ ಮುಖದ ಮೇಲೆ ಕೈ! ಅವತ್ತೇ ಸತ್ತು ಹೋಗ್ತಿದ್ದೆ," ಎಂದು ಗಂಡ ಈಗಲೂ ರೇಗಿಸುತ್ತಾರೆ. ಹಗ್ಗದಕ್ಕ ಹುಟ್ಟಿನಿಂದಲೂ ಚರ್ಚಿನ ಸಭೆಗೆ ಹೋಗುವವರು, ಹಾಡುವವರು, ದಿನಾ ಮಂಡಿಯೂರುವವರು. ಪ್ರಾರ್ಥನೆಗೇನೂ ಬರವಿರಲಿಲ್ಲ. "ಆದ್ರೆ ಆಮೆನ್ ಅಂದ ತಕ್ಷಣ, ಕೊಟ್ಟಿದ್ದನ್ನೆಲ್ಲ ವಾಪಸ್ ತಗೊಂಡು ಎದ್ದು ಬರ್ತಿದ್ದೆ," ಎನ್ನುತ್ತಾರೆ.

ಹೀಗಿರುವಾಗ ಬೇರೊಂದು ಕಟ್ಟಡದ ತಾರಸಿಯಲ್ಲಿ ಆ ಘಟನೆ ನಡೆಯಿತು. ಎಂದಿನಂತೆ ಅಂಚಿನಲ್ಲಿ ನಿಂತು, ಹಗ್ಗ ಬಿಗಿ ಹಿಡಿದು, ಕಣ್ಣು ಮುಚ್ಚಿ ಪ್ರಾರ್ಥಿಸುತ್ತಿದ್ದರು. ಹಿಂದಿನಿಂದ ಗಂಡಸಿನ ದನಿ ಕೇಳಿತು. "ಅಕ್ಕಾ, ಈ ಹಗ್ಗ ಯಾರದ್ದು? ದಾರಿಗೆ ಅಡ್ಡ ಬರ್ತಿದೆ, ಬಿಚ್ಚಿಡ್ಲಾ?" ತಿರುಗಿ ನೋಡಿದರೆ ಏಸಿ ರಿಪೇರಿಯವನು. ಯಂತ್ರ ಸರಿಸಲು ಜಾಗ ಮಾಡಿಕೊಳ್ಳುತ್ತಿದ್ದಾನೆ. ಕೈಯಲ್ಲಿ ಗಂಡನ ಕಾವಲು ಹಗ್ಗ. ಮೇಲಿನ ಗಂಟು ಆಗಲೇ ಬಿಚ್ಚಿತ್ತು.

ಗಂಡನ ಭಾರ ಇನ್ನೊಂದು ಹಗ್ಗದ ಮೇಲಿದ್ದುದರಿಂದ ಕೆಳಗೆ ಅವರಿಗೆ ಏನೂ ಗೊತ್ತಾಗಲಿಲ್ಲ. ಪಾಪ, ಆ ರಿಪೇರಿಯವನು ವಿಷಯ ತಿಳಿದು ಅಲ್ಲೇ ಬೆವತು ಕೂತ. ಹಗ್ಗದಕ್ಕ ಗಂಟನ್ನು ಮತ್ತೆ ಬಿಗಿದರು. "ನಾನು ಯಾವ ಹಗ್ಗ ಹಿಡಿದು ನಿಂತಿದ್ನೋ ಅದಕ್ಕೆ ನಾನು ಬೇಕಿರ್ಲಿಲ್ಲ. ನಾನು ಬೇಕಾಗಿದ್ದ ಕಡೆಗೆ ಬೆನ್ನು ಹಾಕಿದ್ದೆ," ಎನ್ನುವಾಗ ಈಗಲೂ ಅವರ ದನಿ ತಗ್ಗುತ್ತದೆ.

ಆ ಭಾನುವಾರ ಆರಾಧನೆಯಲ್ಲಿ ಎಲ್ಲರೂ ಕೈಮುಗಿದು ನಿಂತಾಗ ಇವರ ಕೈ ಕೂಡಲಿಲ್ಲ. ಹಗ್ಗ ಹಿಡಿದು ಹಿಡಿದು ಬೊಬ್ಬೆ ಎದ್ದು ಒಡೆದ ಅಂಗೈಗೆ ಬಟ್ಟೆ ಸುತ್ತಿತ್ತು. ಅದನ್ನು ಗಮನಿಸಿದವರು ಬೀಗದ ದೊಡ್ಡಮ್ಮ. ಸಭೆಯ ಬಾಗಿಲು ತೆಗೆದು, ಬೆಂಚು ಒರೆಸಿ, ಎಲ್ಲರೂ ಹೋದ ಮೇಲೆ ಬೀಗ ಹಾಕುವ ವಯಸ್ಸಾದ ಹೆಂಗಸು. ಮಾತಿನಲ್ಲಿ ಬೆಣ್ಣೆ ಹಚ್ಚುವ ಜಾಯಮಾನವಲ್ಲ. ಎಲ್ಲರೂ ಹೊರಟ ಮೇಲೆ ಇವರನ್ನು ಬೆಂಚಿನ ಮೇಲೆ ಕೂರಿಸಿಕೊಂಡು ಎಲ್ಲ ಕೇಳಿದರು.

"ಹಗ್ಗ ಕಂಬಕ್ಕೆ ಕಟ್ಟಿದ್ಯೋ ಇಲ್ವೋ?"

"ಕಟ್ಟಿದ್ದೆ ದೊಡ್ಡಮ್ಮ."

"ಕಂಬ ಗಟ್ಟಿಯಾಗಿದ್ಯಾ?"

"ಇದೆ."

"ಮತ್ತೆ ನಿನ್ನ ಕೈ ಅಲ್ಲೇನು ಮಾಡ್ತಿತ್ತು?"

"ಸುಮ್ನೆ... ಧೈರ್ಯಕ್ಕೆ."

"ಯಾರ ಧೈರ್ಯಕ್ಕೆ? ಅವನಿಗೆ ನಿನ್ನ ಕೈ ಕಾಣ್ಸುತ್ತಾ ಕೆಳಗಿಂದ?"

ಹಗ್ಗದಕ್ಕ ಬಟ್ಟೆ ಸುತ್ತಿದ ಅಂಗೈಯನ್ನು ಸೆರಗಿನಡಿ ಎಳೆದುಕೊಂಡರು. ದೊಡ್ಡಮ್ಮ ಎದ್ದು ಬೀಗದ ಕೈ ತೆಗೆದುಕೊಳ್ಳುತ್ತಾ ಹೇಳಿದರು: "ಯೇಸಪ್ಪನ ಕೈಲಿ ಕೊಟ್ಟಿದ್ದೀನಿ ಅಂತೀಯ. ಕೊಟ್ಟು ಇನ್ನೊಂದು ತುದಿ ನೀನೇ ಹಿಡ್ಕೊಂಡಿದ್ರೆ ಆತ ಪಾಪ ಏನು ಮಾಡ್ಬೇಕು? ನಿನಗೆ ಕೊಟ್ಟಿರೋದು ಗಂಟು ಕಾಯೋ ಕೆಲಸ. ಅದನ್ನ ಮಾಡು. ಕಣ್ಣು ಬಿಟ್ಕೊಂಡು ಪ್ರಾರ್ಥನೆ ಮಾಡಿದ್ರೂ ಆತನಿಗೆ ಕೇಳ್ಸುತ್ತೆ."

ಮರುದಿನ ಹಗ್ಗದಕ್ಕ ಅಂಚಿಗೆ ಬೆನ್ನು ಹಾಕಿ ಕೂತರು. ಗಂಡನಿಗೆ ಏನಾಗುತ್ತಿದೆಯೆಂದು ಕಣ್ಣಿಗೆ ಕಾಣುತ್ತಿಲ್ಲ, ಕೈಗೂ ತಿಳಿಯುತ್ತಿಲ್ಲ. ಇರುವುದು ಸೀಟಿಯೊಂದೇ. ಒಂದು ಮಹಡಿ ಮುಗಿಸಿದಾಗ ಗಂಡ ಒಮ್ಮೆ ಊದುತ್ತಾರೆ, ಇವರು ಒಮ್ಮೆ ಊದುತ್ತಾರೆ. ಒಂದು ಸೀಟಿಗೂ ಇನ್ನೊಂದಕ್ಕೂ ನಡುವಿನ ಮೌನವನ್ನು ದಾಟುವುದನ್ನು ಅವರು ಮಗು ನಡೆಯಲು ಕಲಿತ ಹಾಗೆ ಕಲಿತಿದ್ದಾರೆ, ಬಿದ್ದು, ಎದ್ದು. ಗಂಟು ನೋಡುತ್ತಾರೆ. ಬಾಗಿಲು ನೋಡುತ್ತಾರೆ. ಮನಸ್ಸು ಅಂಚಿನ ಕಡೆ ಓಡಿದಾಗಲೆಲ್ಲ ಅದೇ ಪುಟ್ಟ ಪ್ರಾರ್ಥನೆಯನ್ನು ಮತ್ತೆ ಹೇಳುತ್ತಾರೆ. ವರ್ಷಗಳು ಹಿಡಿದವು, ಆದರೆ ಮೌನದೊಳಗೆ ಕೂರಲು ಒಂದು ಜಾಗ ಸಿಕ್ಕಿತು. ರಾತ್ರಿ ಗ್ಯಾಸ್ ಒಲೆಯನ್ನೂ ಈಗ ಒಂದೇ ಸಲ ನೋಡುತ್ತಾರೆ.

ಆ ಜಾಗವೆಲ್ಲ ಇವತ್ತು ಅಲುಗಾಡುತ್ತಿದೆ.

ಹದಿಮೂರನೇ ಮಹಡಿಯ ಸೀಟಿ ಬರುತ್ತದೆ. ಹನ್ನೆರಡರದ್ದು ಬರುತ್ತದೆ. ಹನ್ನೊಂದು, ಹತ್ತು. ಪ್ರತಿ ಸೀಟಿಗೂ ಹಗ್ಗದಕ್ಕನ ಹೆಗಲು ಒಂಚೂರು ಇಳಿಯುತ್ತದೆ. ಒಂಬತ್ತರದ್ದು ಬರುವುದಿಲ್ಲ. ಏಸಿ ಯಂತ್ರಗಳು ಗುಂಯ್‌ಗುಡುತ್ತಲೇ ಇವೆ. ಗೋಣಿಚೀಲದ ಮೇಲಿನ ಹಗ್ಗವನ್ನು ಒಮ್ಮೆ ತಿರುಗಿ ನೋಡುತ್ತಾರೆ. ಒರೆಸುವಾಗ ಅದು ಆ ಕಡೆ ಈ ಕಡೆ ತುಸು ಸರಿದಾಡುತ್ತಿರಬೇಕು. ನಿಂತುಬಿಟ್ಟಿದೆ.

ಅವರೇ ಸೀಟಿ ಊದುತ್ತಾರೆ. ಉತ್ತರವಿಲ್ಲ. ಇನ್ನೊಮ್ಮೆ ಊದುತ್ತಾರೆ. ಇಲ್ಲ.

ಉತ್ತರ ಬರದಿದ್ದರೆ ಹೋಗಿ ನೋಡಬೇಕೆಂಬುದು ಗಂಡ ಹೆಂಡಿರ ಕರಾರು. ಹಗ್ಗದಕ್ಕ ತಮ್ಮ ಬೆಲ್ಟಿನ ಕೊಂಡಿಯನ್ನು ತಮ್ಮದೇ ಗಿಡ್ಡ ಹಗ್ಗಕ್ಕೆ ಸಿಕ್ಕಿಸಿಕೊಳ್ಳುತ್ತಾರೆ. ಕೊಂಡಿ ಎರಡು ಸಲ ತಪ್ಪಿ, ಮೂರನೇ ಸಲ ಕೂರುತ್ತದೆ. ತುಟಿ ಅಲುಗುತ್ತಿದೆ, ದನಿ ಇಲ್ಲ. ಅಂಚು ತಲುಪಿದಾಗ ಬಲಗೈ ತಾನಾಗಿ ಹಗ್ಗದ ಕಡೆ ಚಾಚುತ್ತದೆ. ಇನ್ನೇನು ಹಿಡಿಯಬೇಕು, ನಿಲ್ಲುತ್ತದೆ. ಹಿಡಿದರೆ ಹಗ್ಗ ಅಲುಗುತ್ತದೆ. ತಲೆ ಸುತ್ತುತ್ತಿರುವವರ ಹಗ್ಗ ಅಲುಗಬಾರದು. "ನಿನ್ನ ಕೈಲಿದ್ದಾರೆ, ನಿನ್ನ ಕೈಲಿದ್ದಾರೆ," ಎನ್ನುತ್ತಾ ಆ ಕೈಯನ್ನು ಎದೆಗೊತ್ತಿಕೊಂಡು ಗೋಡೆಯ ಮೇಲೆ ಬಾಗುತ್ತಾರೆ.

ಐದು ಮಹಡಿ ಕೆಳಗೆ ಗಂಡ ಹಲಗೆಯ ಮೇಲೆ ಆರಾಮಾಗಿ ಕೂತು ಸೀಟಿಯನ್ನು ಮಂಡಿಗೆ ಕುಟ್ಟುತ್ತಿದ್ದಾರೆ. ಒಳಗೆ ನೆಲ ಒರೆಸುತ್ತಿದ್ದ ಹೆಂಗಸೊಬ್ಬಳು ಕೈಯಲ್ಲಿ ಕೋಲು ಹಿಡಿದು, ಪಕ್ಕದ ತೆರೆದ ಕಿಟಕಿಯಿಂದ ತಲೆ ಹೊರಹಾಕಿ ನಗುತ್ತಿದ್ದಾಳೆ. ಅವಳಿಗೆ ಮೇಲೆ ಬಾಗಿದ ತಲೆ ಕಂಡಿರಬೇಕು, ಬೆರಳು ಮೇಲಕ್ಕೆ ತೋರಿಸುತ್ತಾಳೆ. ಗಂಡ ಕತ್ತೆತ್ತುತ್ತಾರೆ. ಸೀಟಿಯನ್ನು ಬಾಯಿಗಿಟ್ಟು ಬಲವಾಗಿ ಊದುತ್ತಾರೆ. ಮೊದಲು ಒಂದು ಸೋಪಿನ ಗುಳ್ಳೆ ಹೊರಬರುತ್ತದೆ. ಆಮೇಲೆ ಸದ್ದು.

"ಬಕೆಟ್ಟಿಗೆ ಬಿತ್ತು ಕಣೇ! ನೀನ್ಯಾಕೆ ಬಂದೆ? ಅಲ್ಲಿ ಗಂಟು ಯಾರು ನೋಡ್ತಾರೆ? ಹೋಗು!"

ಹಗ್ಗದಕ್ಕ ಹೋಗುತ್ತಾರೆ. ಗಂಟುಗಳನ್ನು ಮುಟ್ಟಿ ನೋಡಿ ಬಕೆಟ್ಟಿನ ಮೇಲೆ ಕುಸಿದು ಕೂರುತ್ತಾರೆ. "ಸ್ತೋತ್ರ ಸ್ವಾಮಿ," ಎನ್ನುತ್ತಾರೆ, ಅದರ ಹಿಂದೆಯೇ "ಈ ಮನುಷ್ಯನಿಗೆ ಏನು ಮಾಡ್ಲಿ ಸ್ವಾಮಿ," ಎಂದೂ ಸೇರಿಸುತ್ತಾರೆ. ಅಂಗೈಗಳನ್ನು ಮಡಿಲಲ್ಲಿ ಬಿಚ್ಚಿಟ್ಟುಕೊಳ್ಳುತ್ತಾರೆ. ಹಳೆಯ ಬೊಬ್ಬೆಗಳ ಜಾಗದಲ್ಲಿ ಚರ್ಮ ಹೊಳೆಯುತ್ತಿದೆ. ಬೆರಳುಗಳು ನಡುಗುತ್ತಿವೆ.

"ನಡುಗ್ಲಿ ಬಿಡಿ. ಖಾಲಿ ಕೈ ನಡುಗಿದ್ರೆ ಕೆಳಗಿರೋರಿಗೇನೂ ತೊಂದ್ರೆ ಇಲ್ಲ," ಎನ್ನುತ್ತಾರೆ. ಗಂಟಿನ ಕಡೆ ಕಣ್ಣಿಟ್ಟು, "ಹಿಂದೆ ಹೀಗಾಗಿದ್ದಿದ್ರೆ ವಾರಗಟ್ಲೆ ಕೆಲಸಕ್ಕೆ ಕಳಿಸ್ತಿರ್ಲಿಲ್ಲ ಇವರನ್ನ. ಈಗ ಇನ್ನೊಂದು ಸೀಟಿ ಬರೋ ಹೊತ್ತಿಗೆ ಉಸಿರು ಸರಿಹೋಗುತ್ತೆ. ಅದು ನನ್ನ ಶಕ್ತಿ ಅಲ್ಲ. ನನ್ನ ಶಕ್ತಿ ಎಷ್ಟಿದೆ ಅಂತ ನನಗೆ ಗೊತ್ತಲ್ಲ," ಎನ್ನುತ್ತಾರೆ.

ಮುಂದಿನ ಸೀಟಿ ಬರುತ್ತದೆ. ಗೊರಗೊರ ಎನ್ನುತ್ತಾ, ಆದರೂ ಬರುತ್ತದೆ.

ಬಿಸಿಲು ಏಸಿ ಯಂತ್ರಗಳ ಮೇಲೆ ಬೀಳುವ ಹೊತ್ತಿಗೆ ಗಂಡ ನೆಲ ಮುಟ್ಟಿ, ಲಿಫ್ಟಿನಲ್ಲಿ ತಾರಸಿಗೆ ಬರುತ್ತಾರೆ. ಪ್ಯಾಂಟೆಲ್ಲ ಒದ್ದೆ. ಹೆಂಡತಿಯ ಮುಖ ನೋಡಿ, ಎಂದಿನ ತಮಾಷೆಯನ್ನು ನುಂಗಿಕೊಂಡು, ತಾವೇ ಗೋಣಿಚೀಲ ಮಡಚತೊಡಗುತ್ತಾರೆ. "ತಲೆ ಏನೂ ಸುತ್ತಲಿಲ್ಲ. ಒಂದು ಸಲವೂ ಇಲ್ಲ," ಎಂದು ಕೇಳದೆಯೇ ಹೇಳುತ್ತಾರೆ. ಹಗ್ಗದಕ್ಕ ತಲೆದೂಗುತ್ತಾರೆ. ಇಬ್ಬರೂ ಸೇರಿ ಹಗ್ಗ ಸುತ್ತುತ್ತಾರೆ.

ಏನಾದರೂ ಆಸೆ ಇದೆಯೇ ಎಂದು ಕೇಳಿದರೆ ಹಗ್ಗದಕ್ಕ ಮೊದಲು ಇಲ್ಲವೆನ್ನುತ್ತಾರೆ. ಆಮೇಲೆ, ಸಂಕೋಚದಿಂದ: "ಇಷ್ಟು ವರ್ಷದಲ್ಲಿ ಇವರು ಕೆಲಸ ಮಾಡೋದನ್ನ ನಾನು ಸರಿಯಾಗಿ ನೋಡೇ ಇಲ್ಲ. ಒಂದಿನ ರಸ್ತೆ ಮೇಲೆ ನಿಂತು, ಎಲ್ಲರ ಹಾಗೆ ಕತ್ತೆತ್ತಿ, ಮೇಲಿಂದ ಕೆಳಗಿನವರೆಗೂ ನೋಡ್ಬೇಕು ಅಂತ."

"ನೋಡೋಕೇನಿದೆ? ಚೆನ್ನಾಗಿ ಒರೆಸಿದ ಗಾಜು ಕಣ್ಣಿಗೇ ಕಾಣಲ್ಲ," ಎನ್ನುತ್ತಾರೆ ಗಂಡ.

"ಗಾಜನ್ನ ಯಾರು ನೋಡ್ತಾರ್ರೀ," ಎಂದು ಹಗ್ಗದಕ್ಕ ಸುರುಳಿಯನ್ನು ಹೆಗಲಿಗೇರಿಸಿಕೊಳ್ಳುತ್ತಾರೆ. "ನಾನು ಹಾಕಿದ ಗಂಟು ನಿಮ್ಮನ್ನ ಹೇಗೆ ಹೊತ್ಕೊಂಡಿದೆ ಅಂತ ನೋಡ್ಬೇಕು."