ಹಾದಿಗೆ ಅಡ್ಡವಿಟ್ಟ ಕೊಂಬೆ

ಯೋಲಾಂದ್ ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದವಳೆಂದು ಊರವರು ಆಡಿಕೊಳ್ಳುತ್ತಿದ್ದರು. ಕ್ರೂಜ್ ಸೀಮೆಯ ಗುಡ್ಡಗಳಲ್ಲಿ ಮೂವತ್ತೊಂದು ವರ್ಷ ಮನೆಮನೆಗೆ ಕಾಗದ ಹಂಚಿ ನಿವೃತ್ತಳಾದವಳು. ಹೆಸರು ಹಿಡಿದು ಕರೆಯುವವರು ಕಡಿಮೆ, ಎಲ್ಲರ ಬಾಯಲ್ಲೂ ಅಂಚೆಯಕ್ಕ. ಅರವತ್ತನಾಲ್ಕು ದಾಟಿದರೂ ಕಾಫಿ ಕುಡಿಯುವುದು ನಿಂತುಕೊಂಡೇ. ಬಲವಂತವಾಗಿ ಕೂರಿಸಿದರೆ ಹಿಮ್ಮಡಿ ತಾಳ ಹಾಕತೊಡಗುತ್ತದೆ. ಕೆಲಸ ಬಿಟ್ಟ ವಾರದೊಳಗೇ ಜಲ್ಲಿ ಹಾದಿಯಲ್ಲಿ ಓಡುವ ದಪ್ಪ ಟೈರಿನ ಸೈಕಲ್ಲೊಂದನ್ನು ತಂದುಕೊಂಡಳು. ಆಮೇಲೆ ಮನೆಯಲ್ಲಿ ಅವಳನ್ನು ಕಂಡವರಿಲ್ಲ.

ಆರು ವರ್ಷ ಅಲೆದು ಅವಳು ಒಂದು ಸುತ್ತು ಕಟ್ಟಿದ್ದಳು. ನಲವತ್ತೆರಡು ಕಿಲೋಮೀಟರು, ಒಂದೇ ಒಂದು ಕಾರೂ ಎದುರಾಗುವುದಿಲ್ಲ. ಕಂಬಿ ಕಿತ್ತುಹೋದ ಹಳೆಯ ರೈಲು ದಾರಿ, ಮರ ಸಾಗಿಸುವ ಕಾಡುದಾರಿ, ಹೊಲಗಳ ಬೆನ್ನಿಗೆ ಹಾಯುವ ಕಾಲುದಾರಿ, ಎಲ್ಲವನ್ನೂ ತುಂಡುತುಂಡಾಗಿ ಹುಡುಕಿ ಜೋಡಿಸಿದ್ದಳು. ನಡುವೆ ಎರಡು ಕಿಲೋಮೀಟರಿನ ವೆರ್ನ್ ಹಾದಿ. ಎರಡೂ ಕಡೆ ತಲೆಗಿಂತ ಎತ್ತರದ ಬೇಲಿ, ಕೆಳಗೆ ಬೆಣಚುಕಲ್ಲು, ಮೇಲೆ ಚೆಸ್ಟ್‌ನಟ್ ಮರಗಳ ನೆರಳು. ಅದೊಂದು ತಪ್ಪಿದರೆ ಸುತ್ತು ಮುರಿದಂತೆಯೇ. ಆಚೆ ತುದಿ ಸೇರಬೇಕಾದರೆ ಮರದ ಲಾರಿಗಳು ಮೈ ಸವರಿಕೊಂಡು ಓಡುವ ಟಾರು ರಸ್ತೆಯೇ ಗತಿ.

ಆ ಸೀಮೆಯಲ್ಲಿ ಅಣಬೆ ಸಿಗುವ ಜಾಗವನ್ನು ಹೆತ್ತ ಮಗಳಿಗೂ ಹೇಳುವುದಿಲ್ಲ. ಯೋಲಾಂದ್ ಹಾದಿಯನ್ನೂ ಹಾಗೆಯೇ ಬಚ್ಚಿಟ್ಟಳು. ಗೊತ್ತಿದ್ದವನು ಜೊತೆಗೆ ಸೈಕಲ್ ತುಳಿಯುತ್ತಿದ್ದ ಲ್ಯುಸಿಯೆನ್ ಒಬ್ಬನೇ, ಒಲೆ ಆರಿಸಿ ಮಗನಿಗೆ ಅಂಗಡಿ ಬಿಟ್ಟುಕೊಟ್ಟ ಬ್ರೆಡ್ಡಿನವನು. ಪೇಟೆಯಿಂದ ಬಂದ ಸೈಕಲ್ ಸವಾರರು ದಾರಿ ಕೇಳಿದರೆ ಅವಳ ಕೈ ತಾನಾಗಿ ಟಾರು ರಸ್ತೆಯತ್ತ ಚಾಚಿಕೊಳ್ಳುತ್ತಿತ್ತು. ವೆರ್ನ್ ಹಾದಿಯಿಂದ ಹೊರಬಿದ್ದ ಮೇಲೆ ಸೈಕಲ್ ಒರಗಿಸಿ, ಒಣಗಿದ ಓಕ್ ಕೊಂಬೆಯೊಂದನ್ನು ಎಳೆದು ಹಾದಿಯ ಬಾಯಿಗೆ ಅಡ್ಡವಿಡುವುದು ಅವಳ ದಿನದ ಪರಿಪಾಠ. ಯಾರ ಕಣ್ಣಿಗೂ ಬೀಳಬಾರದು, ಅಷ್ಟೇ.

ಅಕ್ಟೋಬರಿನಲ್ಲಿ ಕೋಳಿ ಅಟ್ಟಿಸಿಕೊಂಡು ಹೋಗಿ ಅಂಗಳದಲ್ಲಿ ಜಾರಿಬಿದ್ದಳು. ಆರು ವರ್ಷ ಕಲ್ಲುಹಾದಿಯಲ್ಲಿ ಬೀಳದವಳು ಒಂದು ಕೋಳಿಯ ಹಿಂದೆ ಓಡಿ ಹೆಗಲ ಮೂಳೆ ಮುರಿದುಕೊಂಡಳು! ಆರು ವಾರ ಸೈಕಲ್ ಮುಟ್ಟಬೇಡಿ ಎಂದರು ಡಾಕ್ಟರು. ಕೈಯನ್ನು ಕೊರಳಿಗೆ ಕಟ್ಟಿಸಿಕೊಂಡು ಅವಳು ಕಿಟಕಿಯಿಂದ ಬಾಗಿಲಿಗೆ, ಬಾಗಿಲಿಂದ ಕಿಟಕಿಗೆ ನಡೆದಳು. ಟೈರು ಒತ್ತಿ ನೋಡಿದಳು. ಒಂದೇ ಕೈಯಲ್ಲಿ ಚೈನಿಗೆ ಎಣ್ಣೆ ಬಿಟ್ಟಳು, ಮರುದಿನ ಅದನ್ನೇ ಒರೆಸಿದಳು.

ನಾಲ್ಕನೆಯ ವಾರದ ಗುರುವಾರ ಸಂಜೆ ಲ್ಯುಸಿಯೆನ್ ಬ್ರೆಡ್ಡು ಕಂಕುಳಲ್ಲಿ ಸಿಕ್ಕಿಸಿಕೊಂಡು ಬಂದ. ಮುಖ ಸರಿಯಿರಲಿಲ್ಲ.

"ಕೂತ್ಕೋ ಅಂಚೆಯಕ್ಕ."

"ಕೂತು ಕೂತು ಬೇರು ಬಿಟ್ಟಿದೀನಿ. ಏನಾಯ್ತು ಹೇಳು."

"ವೆರ್ನ್ ಹಾದಿ ಬಾಯಲ್ಲಿ ಹಳದಿ ನೋಟೀಸು ಅಂಟ್ಸಿದಾರೆ. ಮಾರ್ತಾರಂತೆ, ದನ ಸಾಕೋ ರೆಮಿಗೆ."

"ಊರ ಹಾದಿ ಮಾರೋದಾ? ತಲೆ ನೆಟ್ಟಗಿದೆಯೇನೋ ನಿಂಗೆ?"

"ಯಾರೂ ಓಡಾಡದ ಹಾದಿ ಅಂತ ಬರ್ದಿದಾರೆ ಕಣೇ. ಜನ ಬಳಸದಿದ್ರೆ ಊರು ಮಾರ್ಬೋದಂತೆ. ಹದಿನೈದು ದಿನ ಅಹವಾಲು ಬರೆಯೋಕೆ ಪುಸ್ತಕ ಇಟ್ಟಿದ್ರು. ನಾಳೆ ಮಧ್ಯಾಹ್ನಕ್ಕೆ ಮುಚ್ತಾರೆ."

"ಹದಿನೈದು ದಿನ ನೀನೇನು ಮಾಡ್ತಿದ್ದೆ?"

"ನೀನಿಲ್ದೆ ನಾನೊಬ್ನೇ ಆ ಕಡೆ ಯಾಕೆ ಹೋಗ್ಲಿ? ಇವತ್ತು ಅಂಗಡೀಲಿ ಯಾರೋ ಅಂದ್ರು, ಹೋಗಿ ನೋಡ್ಕೊಂಡು ಬಂದೆ," ಎಂದ ಅವನು, ಪೆಚ್ಚಾಗಿ.

ಶುಕ್ರವಾರ ಊರ ಕಚೇರಿ ಬಾಗಿಲು ತೆಗೆಯುವುದಕ್ಕೆ ಮೊದಲೇ ಯೋಲಾಂದ್ ಮೆಟ್ಟಿಲ ಮೇಲಿದ್ದಳು, ಜೊತೆಗೆ ಲ್ಯುಸಿಯೆನ್. ಒಳಗೆ ಮೇಜಿನ ಹಿಂದೆ ವಿಚಾರಣಾಧಿಕಾರಿ, ಬೇರೆ ಊರಿನ ಸಭ್ಯ ಮುದುಕ, ಪೆನ್ಸಿಲು ಚೂಪು ಮಾಡುತ್ತಿದ್ದ. ಗೋಡೆ ಪಕ್ಕದ ಕುರ್ಚಿಯಲ್ಲಿ ರೆಮಿ. ಹಾದಿಯ ಎರಡೂ ಬದಿಯ ಹುಲ್ಲುಗಾವಲು ಅವನದೇ, ದನಗಳನ್ನು ಈಚೆಯಿಂದ ಆಚೆಗೆ ದಾಟಿಸುವುದೇ ಅವನಿಗೆ ದಿನದ ತಲೆನೋವು. ಹಾದಿ ಅವನದಾದರೆ ಎರಡು ಹುಲ್ಲುಗಾವಲೂ ಒಂದಾಗುತ್ತವೆ. ಅವನು ಎದ್ದು ಅವಳಿಗೆ ಕುರ್ಚಿ ಬಿಟ್ಟುಕೊಟ್ಟ.

"ಹೆಗಲು ಹೇಗಿದೆ ಅಂಚೆಯಕ್ಕ?"

ಅವಳು ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡು ಕೂತಳು. ಅಧಿಕಾರಿ ಕಡತವನ್ನು ಅವಳತ್ತ ತಳ್ಳಿದ. ನಕ್ಷೆ, ಪತ್ರ, ಕೊನೆಯಲ್ಲಿ ಒಂದು ದೊಡ್ಡ ಫೋಟೋ. ಹಾದಿಯ ಬಾಯಿ, ಅದಕ್ಕೆ ಅಡ್ಡಲಾಗಿ ಓಕ್ ಕೊಂಬೆ. ಕೆಳಗೆ ಒಂದು ಸಾಲು: ಬಹುಕಾಲದಿಂದ ಮುಚ್ಚಿಹೋಗಿದೆ, ಸಂಚಾರವಿಲ್ಲ.

ಅವಳು ಫೋಟೋವನ್ನು ಹತ್ತಿರಕ್ಕೆ ಎಳೆದುಕೊಂಡಳು. ಬೀಳುವ ಹಿಂದಿನ ದಿನ ಅವಳೇ ಎಳೆದಿಟ್ಟ ಕೊಂಬೆ. ಹಿಡಿದು ಹಿಡಿದು ತೊಗಟೆ ಸವೆದು ನುಣುಪಾದ ಜಾಗ ಕೂಡ ಫೋಟೋದಲ್ಲಿ ಕಾಣುತ್ತಿತ್ತು.

"ಪುಸ್ತಕದಲ್ಲಿ ಇದುವರೆಗೆ ಯಾರೂ ವಿರೋಧ ಬರೆದಿಲ್ಲ, ಮದಾಮ್," ಎಂದ ಅಧಿಕಾರಿ. "ನಿಮಗೇನಾದ್ರೂ ಹೇಳೋದಿದೆಯಾ?"

"ನಾನು ಓಡಾಡ್ತೀನಿ. ದಿನಾ."

ರೆಮಿ ನಕ್ಕುಬಿಟ್ಟ. "ಅಂಚೆಯಕ್ಕ, ತಮಾಷೆ ಮಾಡ್ಬೇಡ. ಅರ್ಜಿ ಹಾಕೋಕೆ ಮುಂಚೆ ನಿನ್ನನ್ನೇ ಅಲ್ವಾ ಕೇಳಿದ್ದು? ನಮ್ಮನೆ ಅಡುಗೆಮನೇಲಿ ನಿಂತ್ಕೊಂಡು ಕಾಫಿ ಕುಡೀತಾ ಏನಂದೆ? ಅಲ್ಲಿ ನರಿ ಬಿಟ್ರೆ ಇನ್ಯಾರು ಹೋಗ್ತಾರೆ ಅಂದೆ."

ಹಾಗೆಂದದ್ದು ನಿಜ. ಅವತ್ತು ಅವನು ಸುಮ್ಮನೆ ಕೇಳುತ್ತಿದ್ದಾನೆಂದುಕೊಂಡು ಗುಟ್ಟು ಕಾಪಾಡಿದ್ದಳು, ಕಾಪಾಡಿದೆನೆಂದು ಹಾದಿಯುದ್ದಕ್ಕೂ ನಕ್ಕಿದ್ದಳು. ಈಗ ಸುಮ್ಮನಿದ್ದರೆ ಹಾದಿ ಹೋಯಿತು. ಬಾಯಿಬಿಟ್ಟರೆ ಇಡೀ ಊರಿನೆದುರು ಸುಳ್ಳುಗಾತಿ ಅನ್ನಿಸಿಕೊಳ್ಳಬೇಕು, ಗುಟ್ಟೂ ಉಳಿಯುವುದಿಲ್ಲ.

"ಆ ಕೊಂಬೆ ನಂದು," ಎಂದಳು. "ನಾನೇ ಇಟ್ಟಿದ್ದು. ನಿಂಗೆ ಹೇಳಿದ್ದು ಸುಳ್ಳು ರೆಮಿ. ಯಾರೂ ಬರದೇ ಇರ್ಲಿ ಅಂತ."

ಅವನ ನಗು ಇಳಿದುಹೋಯಿತು. "ನಾನೂ ಬರಬಾರ್ದು ಅಂತಾನಾ? ನಾನು ಚಿಕ್ಕೋನಿದ್ದಾಗಿಂದ ನಮ್ಮನೆ ಕಾಗದ ತಂದ್ಕೊಟ್ಟಿದೀಯ."

ಅಧಿಕಾರಿ ಪೆನ್ನು ಮುಂದಿಟ್ಟ. "ಬಾಯಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ, ಬರೀಬೇಕು. ಎಲ್ಲಿಂದ ಎಲ್ಲಿಗೆ ಹೋಗ್ತೀರಿ, ಯಾವತ್ತಿನಿಂದ, ವಿವರವಾಗಿ. ಒಂದ್ಮಾತು, ಇದನ್ನ ಯಾರು ಬೇಕಾದ್ರೂ ಓದ್ಬೋದು."

"ಗೊತ್ತು."

ಬಲಗೈ ಕಟ್ಟಿತ್ತು, ಎಡಗೈಯಲ್ಲೇ ಬರೆದಳು. ರಜೆ ಮೇಲೆ ಹೋಗುವಾಗ ಬದಲಿ ಅಂಚೆಯವನಿಗೆ ದಾರಿ ಬರೆದುಕೊಡುತ್ತಿದ್ದ ಹಾಗೆಯೇ ಬರೆದಳು: ಮುರಿದ ಶಿಲುಬೆಯ ಹತ್ತಿರ ಎಡಕ್ಕೆ, ಬಟ್ಟೆ ಒಗೆಯುವ ಹಳೆಯ ಕೊಳದ ಹಿಂದೆ ಇಳಿಜಾರು, ಮೂರನೇ ಚೆಸ್ಟ್‌ನಟ್ ಮರದ ಬುಡದಲ್ಲಿ ಕೆಸರು, ಇಳಿದು ತಳ್ಳಿ. ನಲವತ್ತೆರಡು ಕಿಲೋಮೀಟರನ್ನೂ ಬಿಡದೆ ಬರೆದಳು. ಒಂದೊಂದು ತಿರುವು ಬರೆಯುವಾಗಲೂ ಮೈಮೇಲಿನ ಒಡವೆ ಬಿಚ್ಚಿಕೊಟ್ಟಷ್ಟು ಸಂಕಟವಾಯಿತು. ಲ್ಯುಸಿಯೆನ್ ಕೆಳಗೆ ತನ್ನ ರುಜು ಹಾಕಿದ. ಅಷ್ಟೂ ಹೊತ್ತು ಅವಳ ಹಿಮ್ಮಡಿ ಮೇಜಿನಡಿ ಟಕಟಕ ಬಡಿಯುತ್ತಲೇ ಇತ್ತು.

ಹಾದಿ ಮಾರಾಟವಾಗಲಿಲ್ಲ. ಜನ ಬಳಸುವುದಾದರೆ ಬೋರ್ಡೂ ಇರಲಿ ಎಂದು ಮೇಯರಮ್ಮ ವಸಂತದಲ್ಲಿ ಎರಡೂ ತುದಿಗೆ ಹಲಗೆ ನೆಡಿಸಿದರು. ದನ ದಾಟಿಸಲು ರೆಮಿ ನಡುವೆ ಎರಡು ಕಡೆ ಗೇಟು ಹಾಕಿಕೊಳ್ಳಬಹುದೆಂದೂ ಒಪ್ಪಂದವಾಯಿತು. ಗೇಟು ನಿಲ್ಲಿಸಿದ ದಿನ ಅವನು ಅವಳ ಮನೆ ಬಾಗಿಲಿಗೆ ಬಂದ. ಒಳಗೆ ಬರಲಿಲ್ಲ.

"ಪೇಟೆಯೋರು ಗೇಟು ತೆಗ್ದಿಟ್ಟು ಹೋಗ್ತಾರೆ. ನನ್ ದನ ಟಾರು ರಸ್ತೆಗೆ ಬಿದ್ರೆ ನಿನ್ನನ್ನೇ ಕೇಳೋದು."

"ಕೇಳು," ಎಂದಳು.

ಅಂದಿನಿಂದ ಅವಳಿಗೆ ಅಂಚೆಯ ದಿನಗಳಂತೆ ಮತ್ತೆ ಸರದಿ ಶುರುವಾಯಿತು, ಗೇಟು ನೋಡಿಬರುವ ಸರದಿ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ. ಬೇರೆಯವರ ಟೈರಿನ ಗುರುತು ಕಂಡಾಗಲೆಲ್ಲ ಹೊಟ್ಟೆ ಉರಿಯುತ್ತಿತ್ತು, ಸುಳ್ಳೇಕೆ ಹೇಳಬೇಕು. ಚಿಲಕ ಹಾಕಿ, ಎರಡು ಸಲ ಅಲ್ಲಾಡಿಸಿ ನೋಡಿ, ಬೈದುಕೊಳ್ಳುತ್ತಾ ಮುಂದೆ ಹೋಗುತ್ತಿದ್ದಳು.

ಮೇ ತಿಂಗಳ ಒಂದು ಭಾನುವಾರ ಹಾದಿಯ ಬಾಯಲ್ಲಿ ಐದು ಜನ ನಿಂತಿದ್ದರು, ಹೊಚ್ಚಹೊಸ ಸೈಕಲ್ಲು, ಹೊಚ್ಚಹೊಸ ಬಟ್ಟೆ. ನೆಟ್ಟ ಹಲಗೆಯನ್ನು ಆಗಲೇ ಮುಳ್ಳುಬಳ್ಳಿ ನುಂಗಿತ್ತು. ಪಕ್ಕದ ಚರಂಡಿಯಲ್ಲಿ ಹಳೆಯ ಕೊಂಬೆ ಬಿದ್ದಿತ್ತು.

"ಮದಾಮ್, ಇಲ್ಲೆಲ್ಲೋ ಕಾರಿಲ್ಲದ ಹಾದಿ ಇದೆಯಂತಲ್ಲ, ಯಾವ ಕಡೆ?"

ಅವಳ ಕೈ ತಾನಾಗಿ ಮೇಲೆದ್ದಿತು, ಟಾರು ರಸ್ತೆಯತ್ತ. ಐವರೂ ಆಗಲೇ ಹ್ಯಾಂಡಲ್ ತಿರುಗಿಸಿದ್ದರು. ದೂರದಲ್ಲಿ ಲಾರಿಯೊಂದು ಏರು ಹತ್ತುವ ಸದ್ದು. ಯೋಲಾಂದ್ ಆ ಕೈಯನ್ನು ಇನ್ನೊಂದು ಕೈಯಿಂದ ಹಿಡಿದು ಇಳಿಸಿದಳು.

"ಆ ಕಡೆ ಅಲ್ಲ," ಎಂದಳು. "ಈ ಬಳ್ಳಿ ಸರಿಸಿ ನೇರ ಒಳಗೆ ಹೋಗಿ. ಗೇಟು ಹಾಕೋದು ಮರೆತ್ರೆ ಹಿಂದೇನೇ ಬರ್ತಿರ್ತೀನಿ, ನೋಡ್ಕೊಳ್ಳಿ."